ಮರುಳಸಿದ್ದಮ್ಮನ ಒಲೆಗೆ ನೂರು ಕಾಳಿನ ಪರೀಕ್ಷೆ

ಹೊಳೆಯ ಕಡೆಯಿಂದ ಇನ್ನೂ ತಣ್ಣನೆ ಗಾಳಿ ಬೀಸುತ್ತಿದೆ. ಮಾಗಳದ ಮೇಲೋಣಿಯಲ್ಲಿ ಕೋಳಿಗಳು ಆಗತಾನೇ ಕೂಗಿ ಸುಮ್ಮನಾಗಿವೆ. ದಾಕ್ಷಾಯಣಮ್ಮನವರ ಹಿತ್ತಲಲ್ಲಿ ಮರುಳಸಿದ್ದಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಮಣ್ಣು ತುಳಿಯುತ್ತಿದ್ದಾರೆ. ಎಂಟು ಬುಟ್ಟಿ ಕೆರೆಮಣ್ಣು, ಎರಡು ಬುಟ್ಟಿ ಸಗಣಿ, ಒಂದು ಬುಟ್ಟಿ ಜೋಳದ ಹೊಟ್ಟು, ಮೂರು ದಿನ ನೆನೆದು ಕೊಳೆತು ಹದಕ್ಕೆ ಬಂದಿದೆ. ನಡುನಡುವೆ ಬಗ್ಗಿ ಒಂದು ಹಿಡಿ ಎತ್ತಿ ಮೂಸುತ್ತಾರೆ. ಇನ್ನಷ್ಟು ತುಳಿಯಬೇಕು ಎಂಬಂತೆ ತಲೆಯಾಡಿಸಿ ಮತ್ತೆ ಕಾಲು ಹಾಕುತ್ತಾರೆ.

ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಇದನ್ನೆಲ್ಲ ನೋಡುತ್ತಿರುವ ದಾಕ್ಷಾಯಣಮ್ಮನವರಿಗೆ ಎಪ್ಪತ್ತು ದಾಟಿದೆ. ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ.

"ಲೇ ಮರುಳೀ, ಗೋಣಿ ಬಿಚ್ಚೂದ್ರಾಗ ಮಣ್ಣು ತುಳ್ಯಾಕ ನಿಂತಿಯಲ್ಲ. ಹೆಣ್ಣು ನೋಡಾಕಿನ್ನ ಮೊದ್ಲ ಹಂದ್ರ ಹಾಕ್ದಂಗಾತು."

"ಹಾಕಿದ ಹಂದ್ರ ಬಿಚ್ಚಿದ್ರಾತ್ರಿ ಅಮ್ಮಾರ. ಹದಕ್ಕ ಬಂದ ಮಣ್ಣು ಕಾಯಾಂಗಿಲ್ಲ."

ಅವರು ಹೇಳುತ್ತಿರುವ ಗೋಣಿ ಒಳಗೆ, ನೀರಿನ ಹರವಿಯ ಬುಡದಲ್ಲಿದೆ. ಅಂಗೈ ಅಗಲದ ಒದ್ದೆ ಗೋಣಿತಟ್ಟಿನ ಸುರುಳಿ. ಅದರೊಳಗೆ ನೂರು ಕಾಳು ಬಿಳಿಜೋಳ ಮೂರು ದಿನದಿಂದ ನೆನೆಯುತ್ತಿವೆ. ಇವತ್ತು ಬೆಳಕು ಹರಿದ ಮೇಲೆ ಬಿಚ್ಚಿ ಎಣಿಸಬೇಕು. ಎಂಬತ್ತಕ್ಕೆ ಕಡಿಮೆಯಿಲ್ಲದಂತೆ ಮೊಳೆತಿದ್ದರೆ ಈ ಮನೆಯಲ್ಲಿ ಹೊಗೆಯಿಲ್ಲದ ಒಲೆ ಏಳುತ್ತದೆ. ಇಲ್ಲವಾದರೆ ಮರುಳಸಿದ್ದಮ್ಮ ತುಳಿದ ಮಣ್ಣನ್ನು ತಾವೇ ಹೊತ್ತುಕೊಂಡು ಹೋಗಬೇಕು, ಮತ್ತೆಂದೂ ಈ ಓಣಿಯಲ್ಲಿ ಒಲೆಯ ಮಾತೆತ್ತಬಾರದು. ಕರಾರು ದಾಕ್ಷಾಯಣಮ್ಮನವರದು. ಸೈ ಅಂದವರು ಮರುಳಸಿದ್ದಮ್ಮ.

ಸೊಸೆ ಶೈಲಾ ಒಳಗೆ ಹಳೆಯ ಮೂರು ಕಲ್ಲಿನ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದಾರೆ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೊರಡುವುದರೊಳಗೆ ರೊಟ್ಟಿ ಆಗಬೇಕು. ರಾತ್ರಿ ಮಳೆಗೆ ಹತ್ತಿಕಟ್ಟಿಗೆ ಒದ್ದೆಯಾಗಿದೆ. ಎರಡು ಸಲ ಊದಿ ಒಂದು ಸಲ ಕೆಮ್ಮುತ್ತಾರೆ. ಹೊರಗೆ ಮಣ್ಣು ತುಳಿಯುವ ಸದ್ದು ಕೇಳಿದಾಗಲೆಲ್ಲ ಅವರ ಕಣ್ಣು ಹರವಿಯ ಬುಡಕ್ಕೆ ಹೋಗಿ ಬರುತ್ತದೆ.

ಮರುಳಸಿದ್ದಮ್ಮನವರಿಗೆ ಈಗ ನಲವತ್ತೆಂಟು. ಇದೇ ಮಾಗಳದ ಕೆಳಗಿನ ಓಣಿಯವರು. ಗಂಡ ಸುಂಕಪ್ಪ ಕುರಿಹಿಂಡು ಹೊಡೆದುಕೊಂಡು ವರ್ಷದಲ್ಲಿ ಆರು ತಿಂಗಳು ಊರೂರು ತಿರುಗುವವರು. ಹೊಲವಿಲ್ಲ. ಹದಿನೆಂಟಕ್ಕೆ ಮದುವೆಯಾಗಿ ಬಂದ ಮರುಳಸಿದ್ದಮ್ಮನವರ ಪಾಲಿಗೆ ಬಂದ ಮೊದಲ ಕೆಲಸ ಬಳ್ಳಾರಿ ಜಾಲಿ ಕಡಿದು ತರುವುದು. ಮರುವರ್ಷವೇ ಎಡಗೈ ತೋರುಬೆರಳಿಗೆ ಜಾಲಿಮುಳ್ಳು ಮುರಿದುಕೊಂಡಿತು. ಕೀವಾಗಿ ಬಾತು, ತಿಂಗಳೊಪ್ಪತ್ತು ನೋವು ತಿಂದು, ಕೊನೆಗೆ ಬೆರಳು ಉಳಿಯಿತು. ಆದರೆ ಬಾಗುವುದನ್ನು ಮರೆತಿತು.

ಬಾಗದ ಆ ಬೆರಳೇ ಈಗ ಅವರ ಅಳತೆಗೋಲು. ಬೆಂಕಿಯ ಕಾವು ಮೊದಲನೇ ಪಾತ್ರೆಯಿಂದ ಎರಡನೆಯದಕ್ಕೆ ಹಾಯುವ ತೂತು ಎರಡು ಬೆರಳು ಅಗಲ, ಬೂದಿಯ ಜಾಗ ನಾಲ್ಕು ಬೆರಳು ಆಳ. "ಸರಕಾರ ಕೊಟ್ಟ ಅಳತಿ ಪಟ್ಟಿ ಎರಡು ಸಲ ಕಳಕೊಂಡ್ನಿ. ಈ ಬಟ್ಟು ಎಲ್ಲಿ ಕಳೀತೈತ್ರಿ" ಎಂದು ನಗುತ್ತಾರೆ.

1994ರಲ್ಲಿ ಹಡಗಲಿಯಲ್ಲಿ ಹತ್ತು ದಿನದ ಒಲೆ ತರಬೇತಿ ನಡೆಯಿತು. ಊರಿನ ಹೆಂಗಸರ ಸಂಘ ಒಬ್ಬರನ್ನು ಕಳಿಸಬೇಕಿತ್ತು. ಉಳಿದವರಿಗೆ ಹೊಲದಲ್ಲಿ ಕಳೆ ಇತ್ತು, ಹೊಲವಿಲ್ಲದ ಮರುಳಸಿದ್ದಮ್ಮ ಹೋದರು. ಅಂದಿನಿಂದ ಈ 2001ರ ಸೆಪ್ಟೆಂಬರಿನವರೆಗೆ ಏಳು ವರ್ಷ. ಮೈಲಾರದಿಂದ ತಂಬ್ರಹಳ್ಳಿಯವರೆಗೆ ಇಪ್ಪತ್ತಾರು ಊರು, ಸಾವಿರದ ನೂರು ದಾಟಿದ ಒಲೆ. ದಿನಕ್ಕೊಂದು ಒಲೆ, ಹಬ್ಬದ ಮುಂದೆ ಎರಡು. ಬೆಳಗಿನ ಬಸ್ಸಿನ ಟಾಪಿನ ಮೇಲೆ ಸಿಮೆಂಟಿನ ಹೊಗೆಕೊಳವೆ ಏರಿಸುತ್ತಾರೆ. ಕೊಳವೆ ನೋಡಿದ ಕಂಡಕ್ಟರುಗಳು "ಯಕ್ಕಾ, ನಿನ್ನ ಮಗನಿಗೂ ಒಂದ್ ಟಿಕೀಟು ತಗಿ" ಎನ್ನುತ್ತಾರೆ. "ಕಂಕುಳ ಕೂಸದಾನ, ಅವಗೆಲ್ಲಿ ಟಿಕೀಟು" ಎಂಬುದು ಇವರ ಉತ್ತರ.

ಒಲೆ ಕಟ್ಟುವ ರೀತಿಯನ್ನು ಸಂಘದವರೇ ಕೂತು ಗೊತ್ತುಮಾಡಿಕೊಂಡಿದ್ದಾರೆ. ಯಾರ ಮನೆಗೂ ಮೇಲಿನಿಂದ ಹೇಳಿಸಿ ಒಲೆ ಹಾಕುವಂತಿಲ್ಲ. ಮನೆಯಾಕೆ ಬಾಯಿಬಿಟ್ಟು ಕೇಳಬೇಕು, ಅಕ್ಕಪಕ್ಕದ ಮೂರು ಮನೆಯವರು ಮಣ್ಣು ಹೊರಬೇಕು, ಒಲೆಯ ಬಾಯಿಯನ್ನು ಆ ಮನೆಯ ರೊಟ್ಟಿ ಹಂಚು ಇಟ್ಟು ಅಳೆಯಬೇಕು. ಒಲೆ ಹಚ್ಚಿದ ದಿನ ಆ ಮನೆಯವರು ಗುಡ್ಡದ ಹಸಿ ಗಿಡಕ್ಕೆ ಕೊಡಲಿ ಹಾಕುವುದಿಲ್ಲವೆಂದು ಸಂಘದ ಮುಂದೆ ಮಾತು ಕೊಡಬೇಕು. ಊರ ಹಿಂದಿನ ಗುಡ್ಡದಲ್ಲಿ ಈಗ ಕಮರ, ತುಗ್ಗಲಿ, ಬೇವು ಆಳೆತ್ತರ ಎದ್ದಿವೆ.

ಹೊಗೆಯಿಂದ ಲೋಕವೇ ಬಿಸಿಯಾಗುತ್ತಿದೆಯೆಂದು ರೇಡಿಯೋದಲ್ಲಿ ಹೇಳುತ್ತಾರಲ್ಲ ಎಂದು ಕೇಳಿದರೆ ಮರುಳಸಿದ್ದಮ್ಮ ಕಾಲು ನಿಲ್ಲಿಸುವುದಿಲ್ಲ. "ಲೋಕದ್ದು ನನಗ ತಿಳ್ಯಂಗಿಲ್ರಿ. ವಾರಕ್ಕ ಮೂರು ಹೊರಿ ಕಟ್ಟಿಗಿ ಸುಡೋ ಮನ್ಯಾಗ ಒಂದೂವರಿ ಸುಟ್ರ, ಉಳದ ಒಂದೂವರಿ ಗಿಡದಾಗ ಇರ್ತೈತಿ. ಗಿಡದಾಗ ಇದ್ರ ನೆಳ್ಳು. ಹೆಣಮಗಳ ನೆತ್ತಿ ಮ್ಯಾಲೆ ಇದ್ರ ಭಾರ. ಇಷ್ಟು ನನಗ ಗೊತ್ತು."

ಇಪ್ಪತ್ತಾರು ಊರು ಒಪ್ಪಿದ ಈ ಒಲೆಯನ್ನು ಅವರದೇ ಊರಿನ ಮೇಲೋಣಿ ಮಾತ್ರ ಒಪ್ಪಿಲ್ಲ. ಅದಕ್ಕೆ ಕಾರಣ ಅವರ ಕೈಯಿಂದಲೇ ಆದ ತಪ್ಪು. ಅದನ್ನವರು ಮುಚ್ಚಿಡುವುದಿಲ್ಲ.

1997ರ ಚಳಿಗಾಲದಲ್ಲಿ ಈ ಓಣಿಯ ಹದಿನೇಳು ಮನೆಗೆ ಮರುಳಸಿದ್ದಮ್ಮ ಒಲೆ ಕಟ್ಟಿದ್ದರು. ಅಡುಗೆಮನೆಯ ಗೋಡೆಗಳಿಗೆ ಸುಣ್ಣ ಬಿತ್ತು, ಹೆಂಗಸರ ಕಣ್ಣಿನ ಕೆಂಪು ಹೋಯಿತು. ಎಲ್ಲ ಸರಿಯೇ ಇತ್ತು. ಮರುವರ್ಷ ಉತ್ತರೆ ಮಳೆ ಬಿದ್ದು, ಎರೆಹೊಲಕ್ಕೆ ಹಿಂಗಾರಿ ಜೋಳ ಬಿತ್ತಲು ಬೀಜದ ತೆನೆ ಇಳಿಸಿದಾಗ ಬೂದಿಯಂಥ ಪುಡಿ ಉದುರಿತು. ಕಾಳುಕಾಳಿಗೂ ನುಸಿ. ಒಲೆಯ ಮೇಲಿನ ಗಳುವಿಗೆ ಬೀಜದ ತೆನೆ ಕಟ್ಟಿ ತೂಗುಹಾಕುವುದು ಒಕ್ಕಲು ಮನೆಗಳ ಹಳೆಯ ವಾಡಿಕೆ. ದಿನವೂ ಏಳುವ ಹೊಗೆಯೇ ಮಳೆಗಾಲದ ನುಸಿಯನ್ನು ತಡೆಯುತ್ತಿತ್ತು. ಹೊಗೆ ಹೋಯಿತು, ನುಸಿ ಬಂತು.

"ನಮ್ಮದು ಕುರಿ ಮನೆತನ್ರಿ. ಜೋಳ ಸಂತ್ಯಾಗ ತಂದು ಉಣ್ಣೋರು, ಬೀಜ ಇಟ್ಟೋರಲ್ಲ" ಎನ್ನುತ್ತಾರೆ ಮರುಳಸಿದ್ದಮ್ಮ. "ಗಳುವಿನ ಮ್ಯಾಲೆ ತೆನಿ ನೋಡಿದ್ನಿ. ಚಂದಕ್ಕ ಕಟ್ಯಾರ ಅಂದ್ಕೊಂಡ್ನಿ. ಹೊಗಿ ಅಂದ್ರ ಬರೇ ಶನಿ ಅಂತ ತಿಳಿದಿದ್ನಿ. ಅದಕ್ಕೂ ಒಂದು ಕೆಲ್ಸ ಇತ್ತು ಅಂತ ಯಾರನ್ನೂ ಕೇಳಲಿಲ್ಲ."

ದಾಕ್ಷಾಯಣಮ್ಮನವರ ಬೀಜ ಅತ್ತೆಯಿಂದ ಬಂದದ್ದು, ಅತ್ತೆಗೆ ಅವರ ಅತ್ತೆಯಿಂದ. ರೊಟ್ಟಿ ಬಡಿದರೆ ಎರಡು ದಿನ ಮೆತ್ತಗಿರುವ ಜೋಳವೆಂದು ಆ ಬೀಜಕ್ಕೆ ಹೆಸರು. ಅರವತ್ತೇಳನೇ ವಯಸ್ಸಿನಲ್ಲಿ ಅವರು ಹರಪನಹಳ್ಳಿ ಕಡೆಯ ತವರಿಗೆ ಹೋಗಿ, ಮದುವೆಯಾದ ಹೊಸದರಲ್ಲಿ ತಾವೇ ಕೊಟ್ಟಿದ್ದ ಅದೇ ತಳಿಯನ್ನು ತಮ್ಮನ ಹೆಂಡತಿಯ ಕೈಯಿಂದ ಬೇಡಿ ತರಬೇಕಾಯಿತು. ಬಂದವರೇ ಹಾರೆ ಎತ್ತಿಕೊಂಡರು. ಒಲೆ ಒಡೆದು ಮಣ್ಣನ್ನು ಮರುಳಸಿದ್ದಮ್ಮನವರ ಅಂಗಳಕ್ಕೆ ಹಾಕಿಸಿದರು. "ನಿನ್ನ ಒಲಿ ಹೊಗಿ ತಿಂತು, ನುಸಿ ನನ್ನ ಬೀಜ ತಿಂತು" ಎಂದು ನಡುಬೀದಿಯಲ್ಲಿ ಕೂಗಿದ್ದನ್ನು ಓಣಿ ಇನ್ನೂ ಮರೆತಿಲ್ಲ. ವಾರದೊಳಗೆ ಹದಿನೇಳೂ ಒಲೆ ಮಣ್ಣಾದವು.

ಮರುಳಸಿದ್ದಮ್ಮ ಅಂಗಳಕ್ಕೆ ಬಿದ್ದ ಅದೇ ಮಣ್ಣಿನಿಂದ ತಮ್ಮ ಮನೆಯ ಒಲೆಯ ಪಕ್ಕ, ಹೊಗೆಕೊಳವೆಗೆ ಹೊಂದಿಸಿ, ಒಂದು ಗೂಡು ಕಟ್ಟಿದರು. ಹೊರಗೆ ಹೋಗುವ ಹೊಗೆ ಗೂಡಿನೊಳಗೆ ಹಾದು ಹೋಗಲಿ, ಅಲ್ಲಿ ತೆನೆ ತೂಗಲಿ ಎಂಬ ಲೆಕ್ಕ. ಅದೇ ವರ್ಷದ ಮೊದಲ ಪ್ರಯತ್ನದಲ್ಲಿ ಬೀಜ ಬೆಂದೇ ಹೋಯಿತು. ನೂರಕ್ಕೆ ಆರು ಮೊಳೆತವು. ಮರುವರ್ಷ ಗೂಡಿಗೂ ಕೊಳವೆಗೂ ನಡುವೆ ಹೆಂಚಿನ ಬಿಲ್ಲೆಯೊಂದನ್ನು ಕದದಂತೆ ಕೂರಿಸಿ ದಿನಕ್ಕೊಮ್ಮೆ ತೆರೆದರು, ನಲವತ್ತು. ಹಿಂಡಿನ ಜತೆ ಊರಿಗೆ ಬಂದಿದ್ದ ಸುಂಕಪ್ಪ ಒಂದು ಸಂಜೆ ಅದನ್ನು ನೋಡಿ, "ಕುರಿಗೆ ಉಪ್ಪು ದಿನಾ ಕೊಟ್ರ ಸಾಯ್ತಾವ, ಅಮಾಸಿ ಹುಣ್ಣಿವಿಗೆ ಕೊಟ್ರ ಮೈ ಹಿಡೀತಾವ. ಹೊಗೀನೂ ಹಂಗ ಕೊಟ್ಟು ನೋಡು" ಅಂದರು. ಮರುಳಸಿದ್ದಮ್ಮ ಹಾಗೇ ಮಾಡಿದರು. ಅಮಾವಾಸ್ಯೆ ಹುಣ್ಣಿಮೆಯ ಸಂಜೆ, ಒಂದು ಅಡುಗೆ ಆಗುವಷ್ಟು ಹೊತ್ತು ಬಿಲ್ಲೆ ತೆರೆಯುವುದು, ಉಳಿದ ದಿನ ಗೂಡು ಮುಚ್ಚಿ ಬೇವಿನ ಸೊಪ್ಪು ಹಾಸುವುದು. ಹೋದ ವರ್ಷ ಎಂಬತ್ತು ದಾಟಿತು.

ಅದು ಅವರ ಸ್ವಂತ ಲೆಕ್ಕ. ಓಣಿ ನಂಬಬೇಕಲ್ಲ. ಈ ವರ್ಷ ಶಿವರಾತ್ರಿ ಮುಗಿದ ಮೇಲೆ, ಕೆಮ್ಮಿ ಕೆಮ್ಮಿ ಸೊರಗಿದ ಶೈಲಾ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಾ ಹೊಗೆಯಿಲ್ಲದ ಒಲೆಯ ಮಾತು ಹಾಕಿದರು. ದಾಕ್ಷಾಯಣಮ್ಮ ಮೂರನೇ ದಿನ ಹನ್ನೆರಡು ತೆನೆ ಆರಿಸಿ, ಕೆಂಪು ನೂಲಿನಿಂದ ತಮ್ಮದೇ ಗಂಟು ಹಾಕಿ, ಕೆಳಗಿನ ಓಣಿಗೆ ತಾವೇ ನಡೆದು ಹೋಗಿ ಕೊಟ್ಟರು. "ಇದು ನಿನ್ನ ಗೂಡಿನಾಗ ಮಳಿಗಾಲ ಕಳೀಲಿ. ಗಂಟು ಬಿಚ್ಚಿದ್ರ ನನಗ ಗೊತ್ತಾಗ್ತೈತಿ" ಎಂದಷ್ಟೇ ಹೇಳಿ ಬಂದರು. ಮೂರು ದಿನದ ಹಿಂದೆ ಗಂಟು ಬಿಚ್ಚಿ, ಕಾಳು ತಿಕ್ಕಿ, ನೂರು ಎಣಿಸಿ ನೆನೆಹಾಕಿದವರೂ ಅವರೇ.

ಬಿಸಿಲು ಹಿತ್ತಲಿಗೆ ಇಳಿದಿದೆ. "ತಾರಲೇ ಶೈಲಾ" ಎಂಬ ಮಾತಿಗೆ ಗೋಣಿಯ ಸುರುಳಿ ಹೊರಗೆ ಬರುತ್ತದೆ. ಪಕ್ಕದ ಮನೆಯ ಜಂಬಕ್ಕ ಕೊಡ ಇಳಿಸಿ ಗೋಡೆಗೆ ಆತು ನಿಂತಿದ್ದಾರೆ. ಮರುಳಸಿದ್ದಮ್ಮ ಮಣ್ಣಿನಿಂದ ಕಾಲು ಕಿತ್ತು, ಕೈ ತೊಳೆಯುವುದನ್ನೂ ಮರೆತು, ಎರಡು ಮಾರು ದೂರದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾರೆ. ಹತ್ತಿರ ಬರುವುದಿಲ್ಲ.

ದಾಕ್ಷಾಯಣಮ್ಮ ಗೋಣಿಯನ್ನು ಮೊರದ ಮೇಲೆ ಬಿಡಿಸುತ್ತಾರೆ. ಹಸಿ ವಾಸನೆ ಬರುತ್ತದೆ. ಬಿಳಿಯ ಎಳೆ ಬೇರುಗಳು ಗೋಣಿಯ ನೂಲಿಗೆ ಸಿಕ್ಕಿಕೊಂಡಿವೆ. ಒಂದೊಂದಾಗಿ ಬಿಡಿಸಿ ಮೊಳೆತದ್ದನ್ನು ಮೊರದ ಬಲಕ್ಕೆ, ಮೊಳೆಯದ್ದನ್ನು ಎಡಕ್ಕೆ ಇಡುತ್ತಾರೆ. ಹತ್ತು, ಇಪ್ಪತ್ತು. ಇಪ್ಪತ್ತರ ನಂತರ ಸಾಲಾಗಿ ಐದು ಕಾಳು ಎಡಕ್ಕೆ ಹೋಗುತ್ತವೆ. ಶೈಲಾ ಬಾಯಿಗೆ ಸೆರಗು ಒತ್ತಿ ಕೆಮ್ಮು ತಡೆಯುತ್ತಾರೆ.

"ಎಡಕ್ಕ ಜಾಸ್ತಿ ಹೊಂಟ್ವಲ್ಲಬೇ" ಎನ್ನುತ್ತಾರೆ ಜಂಬಕ್ಕ.

"ನಿನ್ನ ಬಾಯಿ ಸುಮ್ಕಿರ್ತೈತೋ, ಕೊಡ ಹೊತ್ಕೊಂಡು ಹೊಂಡ್ತೈತೋ?"

ಅರವತ್ತು, ಎಪ್ಪತ್ತು. ಎಂಬತ್ತಕ್ಕೆ ಬಂದಾಗ ದಾಕ್ಷಾಯಣಮ್ಮನವರ ಕೈ ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಮುಂದುವರಿಯುತ್ತದೆ. ಬಲಕ್ಕೆ ಎಂಬತ್ತೇಳು, ಎಡಕ್ಕೆ ಹದಿಮೂರು. ಅವರು ಎಲ್ಲವನ್ನೂ ಮೊದಲಿನಿಂದ ಎಣಿಸುತ್ತಾರೆ. ಎಂಬತ್ತೇಳೇ.

ದಾಕ್ಷಾಯಣಮ್ಮ ಮೊಳಕೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಬಾಯಿಗೆ ಹಾಕಿಕೊಂಡು ಕಡಿಯುತ್ತಾರೆ.

"ಶೈಲಾ, ರೊಟ್ಟಿ ಹಂಚು ತಾ. ಇಕಿ ಅಳತಿ ತಗೊಳ್ಳಲಿ."

ಒಪ್ಪಿಗೆಯೆಂದರೆ ಅಷ್ಟೇ. ಮರುಳಸಿದ್ದಮ್ಮ ಎದ್ದು ನಿಲ್ಲುತ್ತಾರೆ. "ಮೊದ್ಲ ಆ ಹಾರಿ ಎಲ್ಲೈತಿ ಹೇಳ್ರಿ ಅಮ್ಮಾರ. ಅದನ್ನ ದೂರ ಇಟ್ಟು ಆಮ್ಯಾಲೆ ಒಲಿ ಕಟ್ತೀನಿ."

"ಹಾರಿ ಅಲ್ಲೇ ಇರ್ತೈತಿ. ಮುಂದಿನ ವರ್ಷ ನುಸಿ ಬಿತ್ತೋ, ನೀನೂ ಇಲ್ಲೇ ಅದಿ, ಅದೂ ಇಲ್ಲೇ ಐತಿ" ಎನ್ನುವ ಮುದುಕಿಯ ಮುಖದಲ್ಲಿ ನಗುವಿದೆಯೋ ಇಲ್ಲವೋ ಹೇಳುವುದು ಕಷ್ಟ. ಜಂಬಕ್ಕ ಮಾತ್ರ ಕೊಡ ಎತ್ತಿಕೊಳ್ಳುವ ಮೊದಲು ಮೆಲ್ಲಗೆ, "ಯಕ್ಕಾ, ನಮ್ಮ ಮನಿಗೂ ಮಣ್ಣು ನೆನಿ ಹಾಕಲೇನು?" ಎಂದು ಕೇಳುತ್ತಾರೆ.

ಹಂಚು ಬರುತ್ತದೆ. ಬಾಗದ ಬೆರಳು ಅದರ ಅಂಚಿನ ಸುತ್ತ ಒಂದು ಸುತ್ತು ಹಾಕುತ್ತದೆ. ಸಂಜೆಯೊಳಗೆ ಒಲೆ ಏಳಬೇಕು, ಗೂಡು ಏಳಬೇಕು, ಕೊಳವೆ ಮಾಳಿಗೆಯಾಚೆ ತಲೆ ಹಾಕಬೇಕು. ಆರಲು ಹತ್ತು ದಿನ ಬೇಕು. ಕೂಲಿ ಏನು ಕೊಡಲಿ ಎಂದು ಶೈಲಾ ಕೇಳಿದರೆ, ಸಂಘದ್ದು ಸಂಘ ನೋಡಿಕೊಳ್ಳುತ್ತದೆ ಎನ್ನುವ ಮರುಳಸಿದ್ದಮ್ಮ ಮೊರದತ್ತ ಕೈ ತೋರುತ್ತಾರೆ. ಶೈಲಾ ಮೊಳಕೆ ಕಟ್ಟಿಕೊಡಲು ಹೋಗುತ್ತಾರೆ. ಅವರು ಬೇಡವೆಂದು ತಡೆಯುತ್ತಾರೆ.

"ಮೊಳ್ತದ್ದು ನೀವು ಇಟ್ಕೊಳ್ರಿ. ಆ ಹದಿಮೂರು ನನಗ ಕೊಡ್ರಿ. ಅವಕ್ಕ ಏನಾಗೈತಿ ನೋಡ್ಬೇಕು."

ಮೊಳೆಯದ ಹದಿಮೂರು ಕಾಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮರುಳಸಿದ್ದಮ್ಮ ಮತ್ತೆ ಮಣ್ಣಿಗೆ ಇಳಿಯುತ್ತಾರೆ.