‘ಇರಲಿ’ ಎಂದು ಸೇರಿಸಿದ ಭಾರ

ಈ ಮಹಿಳಾ ಎಂಜಿನಿಯರಿಗೆ ತಮ್ಮದೆನ್ನುವ ವಿಭಾಗವಿಲ್ಲ. ಮೋಟಾರಿನವರು, ಬ್ಯಾಟರಿಯವರು, ಚೌಕಟ್ಟಿನವರು ಬರುವ ಮೊದಲೇ, ಬೆಳಗಿನ ಆರೂವರೆಗೆ, ಕಾರ್ಯಾಗಾರದಲ್ಲಿ ಒಂದೇ ದೀಪ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ. ತೆರೆಯ ಮೇಲೆ ಒಂದಷ್ಟು ಚೌಕಗಳು, ನಡುವೆ ಗೆರೆಗಳು. ಮೋಟಾರಿನ ಚೌಕದಲ್ಲಿ ಒಂದು ಅಂಕಿ ತಿದ್ದಿದರೆ ಬ್ಯಾಟರಿ, ಬ್ರೇಕು, ಚೌಕಟ್ಟಿನ ಅಂಕಿಗಳೂ ಬದಲಾಗುತ್ತವೆ. ಇಡೀ ಯಂತ್ರದ ಈ ಮಾದರಿಯನ್ನು ನೋಡಿಕೊಳ್ಳುವುದು ಇವರ ಕೆಲಸ.

ಯಂತ್ರವೆಂದರೆ, ರೋಗಿಯನ್ನು ಕೂರಿಸಿಕೊಂಡು ಮೆಟ್ಟಿಲಿಳಿಯುವ ಕುರ್ಚಿ. ಖಾಲಿ ಕುರ್ಚಿಯನ್ನು ಆಂಬುಲೆನ್ಸಿನ ಇಬ್ಬರು ಮಹಡಿಗೆ ಹೊರಬೇಕು. ಮೊದಲನೆಯದು ನಲವತ್ತೇಳು ಕಿಲೋ ತೂಗಿತು. ಹೊತ್ತು ನೋಡಿದ ಆಂಬುಲೆನ್ಸ್ ಸಹಾಯಕಿ ಮೆಟ್ಟಿಲಿನ ಮೊದಲ ತಿರುವಿನಲ್ಲೇ ಇಳಿಸಿಬಿಟ್ಟರು. “ಇದನ್ನ ಹೊತ್ಮೇಲೆ ನಮ್ಮನ್ನ ಇಳಿಸೋಕೆ ಇನ್ನೊಂದು ಕುರ್ಚಿ ಬೇಕು!” ಎರಡನೆಯದೂ ಹೀಗಾದರೆ ಕೆಲಸವನ್ನೇ ನಿಲ್ಲಿಸುವುದಾಗಿ ಮುಖ್ಯಸ್ಥರು ಹೇಳಿದರು.

ಯಾರೂ ಸೋಮಾರಿಗಳಲ್ಲ. ಮೋಟಾರಿನವರು ‘ಇರಲಿ’ ಎಂದು ಸ್ವಲ್ಪ ಹೆಚ್ಚು ಶಕ್ತಿ ಇಟ್ಟಿದ್ದರು. ಅದಕ್ಕೆ ತಕ್ಕ ಬ್ಯಾಟರಿಗೆ ಬ್ಯಾಟರಿಯವರ ಇನ್ನೊಂದು ‘ಇರಲಿ’ ಸೇರಿತು. ಎರಡರ ಭಾರ ತಡೆಯಲು ಚೌಕಟ್ಟು ದಪ್ಪವಾಯಿತು. ಯಾರೂ ಯಾರಿಗೂ ಹೇಳಲಿಲ್ಲ. ಮಾದರಿಯ ಲೆಕ್ಕಕ್ಕೂ ತಕ್ಕಡಿಯ ಲೆಕ್ಕಕ್ಕೂ ತಾಳೆಯಾಗದಿದ್ದಾಗ ಇವರಿಗೆ ಅನುಮಾನ ಬಂತು.

ಅಂದಿನಿಂದ ದಿನವೂ ಮೇಜಿಂದ ಮೇಜಿಗೆ ಹೋಗಿ, ಯಾರು ಎಷ್ಟು ‘ಇರಲಿ’ ಸೇರಿಸಿದ್ದಾರೆಂದು ಅತ್ತೆಯ ಹಾಗೆ ಕೆದಕಿ ಕೇಳುತ್ತಾರೆ. ಹಾಗಾಗಿ ‘ಅತ್ತೆಮ್ಮ’ ಎಂಬ ಅಡ್ಡಹೆಸರು ಬಿದ್ದಿದೆ.

“ಅತ್ತೆಮ್ಮ ಬಂದ್ರು, ಡಬ್ಬಿ ಮುಚ್ಕೊಳ್ರಪ್ಪಾ” ಎನ್ನುತ್ತಾರೆ ಚೌಕಟ್ಟಿನ ಹಿರಿಯರು.

“ಮುಚ್ಚಿಟ್ಟಿದ್ದು ಸಾಕು ಅಣ್ಣಾ. ಪೈಪು ಎಷ್ಟು ದಪ್ಪ ಹಾಕಿದೀರ?”

“ಸ್ವಲ್ಪ... ಇರಲಿ ಅಂತ. ನಾಳೆ ಮುರಿದ್ರೆ ಬೈಸ್ಕೊಳ್ಳೋನು ನಾನು ತಾನೆ?”

“ಇಬ್ರೂ ಬೈಸ್ಕೊಳ್ಳೋಣ. ನಿಜ ಹೇಳಿ.”

ಹಿರಿಯರು ಹೇಳಿದರು. ಆಮೇಲೆ ಬ್ಯಾಟರಿಯವರೂ ಬಾಯಿಬಿಟ್ಟರು. ಕೊನೆಗೆ, ಗೊಣಗುತ್ತಲೇ, ಮೋಟಾರಿನವರು. ಅತ್ತೆಮ್ಮ ಒಬ್ಬೊಬ್ಬರ ‘ಇರಲಿ’ಯನ್ನೂ ತೆಗೆದು, ಇಡೀ ಕುರ್ಚಿಗೆ ಸಾಕಾಗುವ ಒಂದನ್ನು ಮಾತ್ರ ಮಾದರಿಯಲ್ಲಿ ಬರೆದಿಟ್ಟಿದ್ದಾರೆ. “ಭಯ ಎಲ್ಲರಿಗೂ ಇರುತ್ತೆ. ಎಲ್ಲರ ಕಣ್ಣಿಗೂ ಕಾಣೋ ಹಾಗೆ ಇಟ್ಕೊಂಡ್ರೆ ಅಷ್ಟು ತೂಕ ಇರಲ್ಲ” ಎನ್ನುತ್ತಾರೆ.

ಈ ವಾರ ಎರಡನೆಯ ಕುರ್ಚಿಯ ಪರೀಕ್ಷೆ. ಅದೇ ಸಹಾಯಕಿ, ಜೊತೆಗೊಬ್ಬ ಗೆಳತಿ, ನಡುವೆ ನಿಲ್ಲದೆ ಮೂರನೇ ಮಹಡಿಗೆ ಹೊತ್ತರು. ಇಳಿಯುವಾಗ ಕುರ್ಚಿಯಲ್ಲಿ ಚೌಕಟ್ಟಿನ ಹಿರಿಯರೇ ಕೂತಿದ್ದರು. “ನಿಧಾನ ಕಣ್ರಮ್ಮಾ, ಮನೇಲಿ ಕಾಯ್ತಾ ಇರ್ತಾರೆ!”

ಪೈಪು ಬಾಗಲಿಲ್ಲ. ಕೆಲಸ ಮುಂದುವರಿಸಿ ಎಂದರು ಮುಖ್ಯಸ್ಥರು. ಅತ್ತೆಮ್ಮ ಕುರ್ಚಿಯನ್ನು ತಕ್ಕಡಿಗೆ ಹತ್ತಿಸಿ, ಅಂಕಿ ಓದಿ, ಮಾದರಿಯ ಪಕ್ಕ ಬರೆಯುತ್ತಾರೆ. ಮೋಟಾರಿನಿಂದ ಮೂರು, ಬ್ಯಾಟರಿಯಿಂದ ಐದು, ಚೌಕಟ್ಟಿನಿಂದ ಆರು. ಹೋದದ್ದು ಹದಿನಾಲ್ಕು ಕಿಲೋ.