ಎರಡು ಲೆನ್ಸಿನ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಸ್ಟುಡಿಯೋದಲ್ಲಿ ನಗುನಗುತ್ತಾ ಕೂತವರಿಗೆ ಆಕಳಿಕೆ ಬಂದ ಮೇಲೆಯೇ ಫೋಟೋ. ಹಳೇ ಕ್ಯಾಮೆರಾಕ್ಕೆ ಮೊದಲು ತೊಂಬತ್ತು ಎಂಎಂ ಲೆನ್ಸ್ ಹಾಕುತ್ತಾರೆ: "ಇದು ಮೂಗಿಗೆ ಮರ್ಯಾದೆ ಕೊಡತ್ತೆ." ಅದನ್ನು ಬಿಚ್ಚಿ ಎಪ್ಪತ್ತೈದು: "ಇದು ಮನುಷ್ಯನ್ನ ಹತ್ತಿರ ಕರೆಯತ್ತೆ." ಮತ್ತೆ ತೊಂಬತ್ತು. ಅಷ್ಟರಲ್ಲಿ ತೊಟ್ಟಿಲ ಮಗುವಿಗೂ ಮೀಸೆ ಚಿಗುರೀತು. "ನನ್ನನ್ನ ಒಪ್ಪೋಕೂ ಇಷ್ಟು ಹೊತ್ತು ತಗೊಂಡಿರ್ಲಿಲ್ಲ ನೀವು" ಎಂದು ಒಮ್ಮೆ ದೊಡ್ಡಮ್ಮ ಆ ಕುರ್ಚಿಯಲ್ಲೇ ಕೂತು ಮನಸಾರೆ ನಕ್ಕರು. ದೊಡ್ಡಪ್ಪ ಥಟ್ಟನೆ ಕ್ಲಿಕ್ಕಿಸಿದರು. ಆ ಕ್ಯಾಮೆರಾದಲ್ಲಿ ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ; ಲೆನ್ಸಿನ ಮುಚ್ಚಳ ತೆಗೆದಿಲ್ಲವೆಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ದೊಡ್ಡಮ್ಮ ತೀರಿಕೊಂಡ ಮೇಲೆ, ಅಚ್ಚ ಕಪ್ಪಗಿರುವ ಆ ಫೋಟೋಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಯಾರಾದರೂ ಕೇಳಿದರೆ ಗಾಜು ಒರೆಸುತ್ತಾ ಹೇಳುತ್ತಾರೆ: "ನಮ್ಮನೆಯವಳು. ಎಪ್ಪತ್ತೈದರ ಲೆನ್ಸಲ್ಲಿ ತೆಗೆದಿದ್ದು. ಎಷ್ಟು ಹತ್ತಿರ ಬಂದಿದಾಳೆ ನೋಡಿ."