ನಾಲೆ ಏರಿಯ ದಾರಿ

ದಾರಿ ನೋಡಿಬರುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ. ಶ್ರೀರಂಗಪಟ್ಟಣದ ನಮ್ಮ ಸೈಕಲ್ ಗುಂಪಿನಲ್ಲಿ ಹನ್ನೊಂದು ಜನ. ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಮೈಸೂರಿಗೆ ಅಲೆಯುವ ಬಡವರಿಗೆ ಹಣ ಕೂಡಿಸಲೆಂದು ಬೇಸಿಗೆಯಲ್ಲಿ ಎರಡು ದಿನದ ಸೈಕಲ್ ಯಾತ್ರೆ ಇಟ್ಟುಕೊಂಡಿದ್ದೆವು. ಅದಕ್ಕೆ ಮುಂಚೆ ಭಾನುವಾರಗಳಲ್ಲಿ ಅಭ್ಯಾಸ ಮಾಡಲು ತೀರಾ ಹತ್ತಿರವೂ ಅಲ್ಲದ, ಪ್ರಾಣ ಹಿಂಡುವಷ್ಟು ದೂರವೂ ಅಲ್ಲದ ಒಂದು ದಾರಿ ಬೇಕಿತ್ತು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಮುಟ್ಟಿ ಸುತ್ತಿ ಬರುವ ದಾರಿಯನ್ನು ಫೋನಿನ ನಕ್ಷೆಯಲ್ಲಿ ಗುರುತು ಮಾಡಿಕೊಂಡೆ. ನಾನು ಹೈಸ್ಕೂಲಿನ ಗಣಿತದ ಟೀಚರ್. ನಕ್ಷೆಯಲ್ಲಿ ಸರಿಯಿದ್ದದ್ದು ನೆಲದ ಮೇಲೂ ಸರಿಯಿರುತ್ತದೆ ಎಂಬ ನಂಬಿಕೆ ನನಗೆ ಸ್ವಲ್ಪ ಜಾಸ್ತಿ.

ಜೊತೆಗೆ ಬಂದವರು ಗುಂಪಿನಲ್ಲೇ ಹಿರಿಯರು, ನಿವೃತ್ತ ಬಸ್ ಡ್ರೈವರ್. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಈ ಮೂರು ತಾಲ್ಲೂಕಿನ ರಸ್ತೆಗಳಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ್ದವರು. ವೈದ್ಯರು ಸಕ್ಕರೆ ಕಾಯಿಲೆಗೆ ವ್ಯಾಯಾಮ ಮಾಡಿ ಅಂದ ಮೇಲೆ ಸೈಕಲ್ ಹತ್ತಿದ್ದರು.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಬೆಳಗ್ಗೆ ಆರಕ್ಕೆ ಹೊರಟಾಗ ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಪಾಂಡವಪುರದವರೆಗೆ ಏನೂ ತೊಂದರೆಯಾಗಲಿಲ್ಲ. ಅಲ್ಲಿ ಇಡ್ಲಿ ತಿಂದು ಮುಂದೆ ಚಿನಕುರಳಿ ದಾಟಿದೆವು. ಕಬ್ಬಿನ ಲಾರಿಗಳು ಆಗಲೇ ಶುರುವಾಗಿದ್ದವು. ಒಂದೊಂದೂ ಪಕ್ಕದಲ್ಲಿ ಹಾದುಹೋದಾಗ ಗಾಳಿ ನಮ್ಮನ್ನು ಎಳೆದು ದೂಡುತ್ತಿತ್ತು. ಸ್ವಲ್ಪ ಮುಂದೆ ನಾಲೆಯ ಏರಿ ಸಿಕ್ಕಿತು. ಅದರ ಮೇಲೊಂದು ಕಿರಿದಾದ ಡಾಂಬರು ರಸ್ತೆ, ಸಾಲಾಗಿ ಹೊಂಗೆ ಮರ, ತಂಪು ನೆರಳು. ನಕ್ಷೆಯಲ್ಲೂ ನಾನು ಅದನ್ನೇ ಗುರುತು ಹಾಕಿದ್ದೆ.

ಅಣ್ಣ ಸೈಕಲ್ ನಿಲ್ಲಿಸಿದರು. "ಬ್ಯಾಡಿ ಟೀಚರಮ್ಮ, ಮೇನ್ ರೋಡಲ್ಲೇ ಹೋಗವ."

"ಯಾಕಣ್ಣಾ? ಲಾರಿ ಕಾಟ ತಪ್ಪತ್ತಲ್ಲ?"

"ತಡೆಗ್ವಾಡೆ ಎಲ್ಲೈತೆ ನೋಡಿ. ನೀರು ತುಂಬ್ಕಂಡು ಹರೀತಾ ಐತೆ."

"ನಾವೇನು ಕಾರಲ್ಲಿ ಹೋಗ್ತಿದೀವಾ? ಸೈಕಲ್‌ಗೆ ಎಷ್ಟು ಜಾಗ ಬೇಕು?" ಅಂದೆ. ಲಾರಿಗಳ ನಡುವೆ ಗುಂಪಿನ ಹೊಸಬರನ್ನು ಕರೆತರುವುದು ಹೇಗೆ ಎಂಬ ಚಿಂತೆ ಒಂದು ಕಡೆ. ನಾನು ಹಾಕಿದ ದಾರಿ ತಪ್ಪೆಂದು ಒಪ್ಪಿಕೊಳ್ಳಬೇಕಲ್ಲ ಎಂಬ ಬಿಗುಮಾನ ಇನ್ನೊಂದು ಕಡೆ. ಅಣ್ಣ ಸೈಕಲ್ ತಿರುಗಿಸಿಕೊಂಡರು. ನಾನು ಮುಂದೆ, ಅವರು ಹಿಂದೆ ಹೊರಟೆವು.

ಮೊದಲ ಒಂದು ಮೈಲಿ ನಿಜಕ್ಕೂ ಚೆನ್ನಾಗಿತ್ತು. ಅದರ ಕೊನೆಗೆ, ನೀರಿಗಿಳಿಯುವ ಸೋಪಾನದ ಬಳಿ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ನಮ್ಮ ಹೆಲ್ಮೆಟ್ ನೋಡಿ ನಕ್ಕರು. ಆಮೇಲೆ ಮರಗಳ ಸಾಲು ಮುಗಿದು ರಸ್ತೆ ಇನ್ನೂ ಕಿರಿದಾಯಿತು. ಎಡಗಡೆ ಒಂದು ಮಾರು ಜಲ್ಲಿ, ಅದರಾಚೆ ಇಳಿಜಾರಾದ ಕಾಂಕ್ರೀಟು, ಅದರ ಬುಡದಲ್ಲಿ ಮಣ್ಣಿನ ಬಣ್ಣದ ನೀರು ಸದ್ದೇ ಇಲ್ಲದೆ ವೇಗವಾಗಿ ಹೋಗುತ್ತಿತ್ತು.

ತಿರುವಿನಲ್ಲಿ ಟ್ರಾಕ್ಟರು ಕಾಣಿಸಿತು. ಹಿಂದೆ ಎರಡು ಟ್ರೈಲರು, ಎರಡರಲ್ಲೂ ಟ್ರೈಲರಿನ ಅಗಲಕ್ಕಿಂತ ಹೊರಗೆ ಚಾಚಿದ ಕಬ್ಬು. ನಿಲ್ಲಿಸಿ ಇಳಿಯಬೇಕೆಂದು ಬುದ್ಧಿಗೆ ಹೊಳೆಯಿತು. ಆದರೆ ಆ ತಿಂಗಳಷ್ಟೇ ನಾನು ಹೊಸ ಶೂ ತಂದಿದ್ದೆ, ಅಡಿಯಲ್ಲಿ ಕೊಂಡಿಯಿದ್ದು ಪೆಡಲ್‌ಗೆ ಕಚ್ಚಿಕೊಳ್ಳುವಂಥದ್ದು. ಹಿಮ್ಮಡಿಯನ್ನು ಹೊರಗೆ ತಿರುಚಿದರೆ ಬಿಡುತ್ತದೆ. ತಿರುಚುವ ಅಭ್ಯಾಸ ಮಾತ್ರ ಕಾಲಿಗೆ ಇನ್ನೂ ಆಗಿರಲಿಲ್ಲ.

"ನೀರ್ ಕಡೆ ನೋಡ್ಬ್ಯಾಡಿ! ಪೆಡಲ್ ನಿಲ್ಲಿಸ್ಬ್ಯಾಡಿ!" ಅಣ್ಣ ಹಿಂದಿನಿಂದ ಕೂಗಿದರು.

ನಾನು ನೀರಿನ ಕಡೆಯೇ ನೋಡಿದೆ. ಮೊದಲ ಟ್ರೈಲರು ಹೇಗೋ ದಾಟಿತು. ಎರಡನೆಯದರ ಕಬ್ಬಿನ ತುದಿ ಭುಜಕ್ಕೆ ಬಡಿಯಿತು. ಮುಂದಿನ ಚಕ್ರ ಜಲ್ಲಿಗಿಳಿದು ಕುಸಿಯಿತು. ಎಡಗಾಲನ್ನು ಜಗ್ಗಿದೆ, ಬರಲಿಲ್ಲ. ಸೈಕಲ್ ಸಮೇತ ಏರಿಯಿಂದ ಜಾರಿದೆ.

ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿತ್ತು. ಉಗುರಿಗೆ ಸಿಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮೊಣಕಾಲಿನವರೆಗೆ ತಣ್ಣಗಾಯಿತು, ಆಮೇಲೆ ಸೊಂಟದವರೆಗೆ. ನೀರು ಕಾಲನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಇಷ್ಟೇ ಅಂದುಕೊಂಡೆ. ಯಾರ ಮುಖವೂ ನೆನಪಾಗಲಿಲ್ಲ. ಶೂ ಬಿಚ್ಚಿಕೊಳ್ಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಥಟ್ಟನೆ ಜಾರುವುದು ನಿಂತಿತು. ಮೇಲೆ ನೋಡಿದರೆ ಅಣ್ಣ ಏರಿಯ ಅಂಚಿನಲ್ಲಿ ಬೋರಲು ಮಲಗಿ ನನ್ನ ಸೈಕಲ್ಲಿನ ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದಿದ್ದರು.

"ಅಣ್ಣಾ, ಶೂ ಬಿಡಿಸ್ತೀನಿ!"

"ಬ್ಯಾಡಾ! ಬಿಡಿಸ್ಬ್ಯಾಡಿ! ಅದೇ ನಿಮ್ಮನ್ನ ಹಿಡ್ಕಂಡಿರಾದು! ಅಂಗೇ ಇರಿ!" ಎಂದು ಕಿರುಚಿದರು. ನಾನು ಬಿಡಿಸಿಕೊಂಡಿದ್ದರೆ ಅವರ ಕೈಯಲ್ಲಿ ಬರಿಯ ಸೈಕಲ್ ಉಳಿಯುತ್ತಿತ್ತು. ಎಡಗಾಲನ್ನು ಅಲ್ಲಾಡಿಸದೆ ಉಸಿರು ಬಿಗಿಹಿಡಿದೆ. ಅವರ ಎದೆಯ ಕೆಳಗಿನ ಜಲ್ಲಿ ಒಂದೊಂದೇ ಉದುರಿ ನನ್ನ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು. ಅವರೂ ಸ್ವಲ್ಪ ಸ್ವಲ್ಪವೇ ಜಾರುತ್ತಿದ್ದರು.

ಟ್ರಾಕ್ಟರು ನಿಂತಿತ್ತು. "ಹಗ್ಗ ತಗಂಬಾರ್ಲಾ! ಬ್ಯಾಗ ಬಾರ್ಲಾ!" ಎಂದು ಅಣ್ಣ ಕೂಗಿದಾಗ ಅದರ ಡ್ರೈವರ್ ಕಬ್ಬಿಗೆ ಬಿಗಿದಿದ್ದ ಹಗ್ಗ ಬಿಚ್ಚಲು ಒದ್ದಾಡುತ್ತಿದ್ದ. ಗಂಟು ಬಿಗಿಯಾಗಿತ್ತು. ಕುಡುಗೋಲಿನಿಂದ ಕತ್ತರಿಸಿದ. ಒಂದು ಹೊರೆ ಕಬ್ಬು ದಬದಬನೆ ರಸ್ತೆಗೆ ಬಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸರೂ ಅಷ್ಟರಲ್ಲಿ ಓಡಿಬಂದು ಅಣ್ಣನ ಕಾಲುಗಳ ಮೇಲೆ ಕೂತರು. ಹಗ್ಗವನ್ನು ಕಂಕುಳಿಗೆ ಸುತ್ತಿಕೊಂಡೆ. ಎಳೆದರು. ಮೊದಲು ಸೈಕಲ್, ಅದರ ಹಿಂದೆ ನಾನು, ಏರಿಯ ಮೇಲೆ ಬಂದು ಬಿದ್ದೆವು.

"ಸಾಯಕ್ಕೆ ಈ ರಸ್ತೇನೇ ಬೇಕಿತ್ತೇನಮ್ಮ?" ಎಂದ ಡ್ರೈವರ್. ಅವನ ತುಟಿ ಬೆಳ್ಳಗಾಗಿತ್ತು. ಬೈದವನೇ ಪಕ್ಕಕ್ಕೆ ಹೋಗಿ ಕಕ್ಕಿದ. ಹೆಂಗಸರಲ್ಲಿ ಹಿರಿಯಳು ಒಣ ಸೀರೆಯೊಂದನ್ನು ಹೊದಿಸಿ, "ಅಯ್ಯೋ ನಮ್ಮವ್ವಾ, ಒಂದ್ ಗುಟುಕು ನೀರ್ ಕುಡಿ" ಎಂದಳು. ನೀರು ಅಂದರೆ ಸಾಕಾಗಿತ್ತು. ಆದರೂ ಕುಡಿದೆ.

ಬಿದ್ದ ಕಬ್ಬನ್ನು ಎಲ್ಲರೂ ಸೇರಿ ಮತ್ತೆ ತುಂಬಿಸಿದೆವು. ನಾಲೆ ಏರಿ ಬಿಟ್ಟು, ಸೈಕಲ್ ತಳ್ಳಿಕೊಂಡು ಮೇನ್ ರೋಡು ಸೇರಿ, ಬೂಕನಕೆರೆಯ ಚಹಾದಂಗಡಿಯಲ್ಲಿ ಕೂತೆವು. ಅಣ್ಣನ ಎರಡೂ ಅಂಗೈ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಸೀಳಿದ್ದವು. ಲೋಟ ಹಿಡಿಯಲಾಗಲಿಲ್ಲ. ನಾನೇ ಕುಡಿಸಿದೆ.

"ತಪ್ಪಾಯ್ತಣ್ಣ" ಎಂದೆ.

ಅವರು ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸೊಂದರ ಕಡೆ ತಲೆ ಹೊರಳಿಸಿದರು. "ನಾನೂ ಸೈಕಲ್‌ನೋರ್ನ ಕಂಡ್ರೆ ಹಾರ್ನ್ ಹೊಡ್ದು ಹೊಡ್ದು ಪಕ್ಕಕ್ಕೆ ತಳ್ತಿದ್ದೆ ಕಣಮ್ಮ. ಪಕ್ಕದಲ್ಲಿ ಏನೈತೆ, ಎಲ್ಲಿಗ್ ಹೋಯ್ತಾರೆ ಅಂತ ಒಂದಿನಾನೂ ನೋಡ್ಲಿಲ್ಲ" ಎಂದರು.

ಅಲ್ಲಿಂದ ಬಸ್ಸಿಗೆ ವಾಪಸು ಹೋಗಬಹುದಿತ್ತು. ನಾನು ಒಪ್ಪಲಿಲ್ಲ. ಇವತ್ತು ಸೈಕಲ್ ಬಿಟ್ಟರೆ ಮತ್ತೆ ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಔಷಧಿ ಅಂಗಡಿಯಲ್ಲಿ ಅವರ ಕೈಗೆ ಹ್ಯಾಂಡಲ್ ಹಿಡಿಯಲು ಬರುವಂತೆ ದಪ್ಪ ಪಟ್ಟಿ ಕಟ್ಟಿಸಿ, ನನ್ನ ಪೆಡಲ್ಲುಗಳ ಮೇಲೆ ಗೋಣಿಚೀಲದ ತುಂಡು ಸುತ್ತಿ, ಕೊಂಡಿ ಕಚ್ಚದಂತೆ ಮಾಡಿಕೊಂಡೆ. ಕೆ.ಆರ್. ಪೇಟೆ ದಾಟಿದೆವು. ನಾಗಮಂಗಲದ ದಾರಿಯಲ್ಲಿ ಎದುರುಗಾಳಿ. ಟ್ರಾಕ್ಟರಿನ ಸದ್ದು ಕೇಳಿದೊಡನೆ ಬ್ರೇಕು ಹಿಡಿಯುತ್ತಿದ್ದೆ. ಏಳು ಸಲವೋ ಎಂಟು ಸಲವೋ ರಸ್ತೆಯಿಂದಿಳಿದು ಬೇಲಿಗೆ ಒರಗಿ ನಿಂತೆ. ಅಣ್ಣ ಒಮ್ಮೆಯೂ ಅವಸರ ಮಾಡಲಿಲ್ಲ. ತಾವೂ ಇಳಿದು, ಟ್ರಾಕ್ಟರು ದಾಟುವವರೆಗೂ ನನ್ನ ಮತ್ತು ರಸ್ತೆಯ ನಡುವೆ ನಿಲ್ಲುತ್ತಿದ್ದರು. ಜಾಗ ಅಗಲವಿದ್ದ, ಮಣ್ಣು ಗಟ್ಟಿಯಿದ್ದ ಕಡೆಗಳನ್ನೆಲ್ಲ ಅವರು ಹೇಳಿದಂತೆ ಫೋನಿನಲ್ಲಿ ಗುರುತು ಹಾಕುತ್ತಾ ಹೋದೆ.

ನಾಗಮಂಗಲದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು ಗುಂಪಿಗೆ ಸಂದೇಶ ಬರೆದೆ. ಹಠ ಮಾಡಿದ್ದು ನಾನು, ಬೇಡವೆಂದಿದ್ದು ಅಣ್ಣ, ಬಿದ್ದದ್ದು ಹೀಗೆ ಎಂದು ಏನನ್ನೂ ಮುಚ್ಚದೆ ಬರೆದೆ. ಇಬ್ಬರು ಅಭ್ಯಾಸಕ್ಕೆ ಬರುವುದಿಲ್ಲ ಎಂದು ಉತ್ತರಿಸಿದರು. ಅವರ ಮೇಲೆ ನನಗೆ ಬೇಸರವಾಗಲಿಲ್ಲ.

ಮುಂದಿನ ಭಾನುವಾರ ಉಳಿದ ಒಂಬತ್ತು ಜನವೂ ಮೇನ್ ರೋಡಿನಲ್ಲೇ ಒಂದೇ ಸಾಲಾಗಿ ಹೊರಟೆವು. ಅಣ್ಣ ಎಲ್ಲರಿಗಿಂತ ಹಿಂದಿದ್ದು, ಲಾರಿ ಬಂದಾಗಲೆಲ್ಲ ಸೀಟಿ ಊದುತ್ತಿದ್ದರು. ಮೊದಲ ಸೀಟಿಗೇ ನಾನು ಕೆಳಗಿಳಿದುಬಿಟ್ಟೆ. ಮೂರನೆಯದರ ಹೊತ್ತಿಗೆ, ಹ್ಯಾಂಡಲ್ ಬಿಗಿಯಾಗಿ ಹಿಡಿದು, ಇಳಿಯದೆ ಮುಂದೆ ಹೋದೆ.